ಚಂದ್ರನ ಲೆಕ್ಕಕ್ಕೆ ಯಂತ್ರದ ತಾಳೆ

ಭಾಗಾಕಾರ ಕಲಿಸುವ ಹಳೇ ಕಾಲದ ಮೇಷ್ಟರು ಉತ್ತರ ಬಂದ ಕೂಡಲೇ ಸ್ಲೇಟು ಕೆಳಗಿಡಲು ಬಿಡುತ್ತಿರಲಿಲ್ಲ. ಭಾಜಕವನ್ನು ಭಾಗಲಬ್ಧದಿಂದ ಗುಣಿಸು, ಶೇಷ ಕೂಡಿಸು, ಭಾಜ್ಯ ಬರುತ್ತದೋ ನೋಡು ಎನ್ನುತ್ತಿದ್ದರು. ಇದಕ್ಕೆ ತಾಳೆ ನೋಡುವುದು ಎಂದು ಹೆಸರು. ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಲ್ಲೂ ಇದೇ ಮಾತು, ಬ್ಯಾಂಕಿನ ಕೌಂಟರಿನಲ್ಲೂ ಇದೇ ಮಾತು. ಲೆಕ್ಕ ಮಾಡುವುದು ಅರ್ಧ ಕೆಲಸ, ತಾಳೆ ನೋಡುವುದು ಇನ್ನರ್ಧ.

ಗಣಿತದ ತಂತ್ರಾಂಶಗಳ ಕಥೆಯನ್ನು ಸಾಮಾನ್ಯವಾಗಿ ವೇಗದ ಕಥೆಯಾಗಿ ಹೇಳುತ್ತಾರೆ. ಕೈಯಲ್ಲಿ ವರ್ಷಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ಕ್ಷಣದಲ್ಲಿ ಮುಗಿಯಿತು ಎಂಬುದು ಅದರ ಪಲ್ಲವಿ. ಆದರೆ ಆ ಕಥೆಯ ಒಳಗೆ ಇನ್ನೊಂದು ಕಥೆಯಿದೆ. ಅದು ಆ ಉಳಿದರ್ಧದ ಕಥೆ.

ಇಪ್ಪತ್ತು ವರ್ಷ, ಇಪ್ಪತ್ತು ಗಂಟೆ

ಚಂದ್ರ ನಮಗೆ ತೀರ ಹತ್ತಿರದವನು, ಆದರೆ ಲೆಕ್ಕಕ್ಕೆ ಸಿಗದ ತುಂಟ. ಭೂಮಿಯೊಂದೇ ಅವನನ್ನು ಎಳೆಯುತ್ತಿದ್ದರೆ ಅವನ ಹಾದಿ ಒಂದು ಅಚ್ಚುಕಟ್ಟಾದ ದೀರ್ಘವೃತ್ತವಾಗುತ್ತಿತ್ತು. ಸೂರ್ಯನೂ ಎಳೆಯುವುದರಿಂದ ಆ ಹಾದಿ ಸದಾ ಸೊಟ್ಟಗಾಗುತ್ತಲೇ ಇರುತ್ತದೆ. ತಲೆ ನೋಯಿಸಿದ ಏಕೈಕ ಸಮಸ್ಯೆ ಇದೇ ಎಂದು ನ್ಯೂಟನ್ ಗೊಣಗಿದ್ದನೆಂಬ ಪ್ರತೀತಿಯಿದೆ.

19ನೇ ಶತಮಾನದ ಫ್ರಾನ್ಸಿನಲ್ಲಿ ಶಾರ್ಲ್ ಯೂಜೀನ್ ದೆಲೋನೆ ಎಂಬ ಖಗೋಳ ವಿಜ್ಞಾನಿ ಈ ಹಟಕ್ಕೆ ಬಿದ್ದ. ಸಂಖ್ಯೆಗಳನ್ನು ಹಾಕಿ ಇಂದಿನ ಚಂದ್ರ ಎಲ್ಲಿ, ನಾಳಿನ ಚಂದ್ರ ಎಲ್ಲಿ ಎಂದು ಹುಡುಕುವುದು ಅವನಿಗೆ ಸಾಲದು. ಯಾವ ಕಾಲಕ್ಕೂ ಹೊಂದುವಂಥ ಸೂತ್ರ, ಅಕ್ಷರಗಳಲ್ಲಿರುವ ಬೀಜಗಣಿತದ ಸೂತ್ರ ಅವನಿಗೆ ಬೇಕಿತ್ತು. ಒಂದೊಂದೇ ಪದವನ್ನು ಬಿಡಿಸುತ್ತಾ, ಬದಲಿಸುತ್ತಾ, ಮತ್ತೆ ಕೂಡಿಸುತ್ತಾ ಒಬ್ಬನೇ ಕುಳಿತು ಸುಮಾರು ಇಪ್ಪತ್ತು ವರ್ಷ ಸವೆಸಿದ. ಹತ್ತು ವರ್ಷ ಲೆಕ್ಕಕ್ಕೆ, ಇನ್ನು ಹತ್ತು ವರ್ಷ ಆ ಲೆಕ್ಕವನ್ನು ತಾಳೆ ನೋಡುವುದಕ್ಕೆ ಎಂದು ಬಲ್ಲವರು ಹೇಳುತ್ತಾರೆ. 1860ರಲ್ಲಿ ಮೊದಲ ಸಂಪುಟ, 1867ರಲ್ಲಿ ಎರಡನೆಯದು ಅಚ್ಚಾದವು. ಒಂದೊಂದೂ ಸುಮಾರು 900 ಪುಟ. 1872ರಲ್ಲಿ ಶೆರ್ಬೂರ್ ಬಳಿಯ ಕಡಲಲ್ಲಿ ದೋಣಿ ಮಗುಚಿ ದೆಲೋನೆ ತೀರಿಕೊಂಡ. ಆ ಎರಡು ಸಂಪುಟಗಳನ್ನು ಆಮೂಲಾಗ್ರವಾಗಿ ತಾಳೆ ನೋಡುವ ಧೈರ್ಯ ನೂರು ವರ್ಷ ಯಾರಿಗೂ ಬರಲಿಲ್ಲ. ಬರುವುದಾದರೂ ಹೇಗೆ? ಅದಕ್ಕೆ ಇನ್ನೊಬ್ಬರ ಇಪ್ಪತ್ತು ವರ್ಷ ಬೇಕಿತ್ತು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮರುವರ್ಷ, 1970ರಲ್ಲಿ, ಸಿಯಾಟಲ್‌ನ ಬೋಯಿಂಗ್ ವಿಜ್ಞಾನ ಸಂಶೋಧನಾ ಪ್ರಯೋಗಾಲಯದಿಂದ ಒಂದು ವರದಿ ಬಂತು. ಆಂದ್ರೆ ದೆಪ್ರಿ, ಜಾಕ್ ಆನ್ರಾರ್, ಆರ್ನಾಲ್ಡ್ ರಾಮ್ ಎಂಬ ಮೂವರು ದೆಲೋನೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದರು. ಕಂಪ್ಯೂಟರ್ ಅಕ್ಷರಗಳಿರುವ ಪದಗಳನ್ನೇ ಕೂಡಿ, ಗುಣಿಸಿ, ಸುಲಭರೂಪಕ್ಕೆ ತರುವಂತೆ ಪ್ರೋಗ್ರಾಂ ಬರೆದಿದ್ದರು. ಯಂತ್ರ ತೆಗೆದುಕೊಂಡದ್ದು ಸುಮಾರು 20 ಗಂಟೆ. ಸಿಕ್ಕ ತಪ್ಪುಗಳು ಮೂರು. ಅವುಗಳಲ್ಲಿ ಎರಡು ಮೊದಲನೆಯದರಿಂದಲೇ ಹುಟ್ಟಿದವು. ಅಂದರೆ ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಎಡವಿದ್ದು ಒಂದೇ ಒಂದು ಸಲ.

ಸುದ್ದಿ ಓದಿದವರಿಗೆ ಯಂತ್ರದ ಮೇಲೆ ಹುಟ್ಟಿದಷ್ಟೇ ಬೆರಗು ಮನುಷ್ಯನ ಮೇಲೂ ಹುಟ್ಟಿತು.

ಗ್ರಾಫ್ ಹಾಳೆಯ ಮೇಲೆ ಮೂಡಿದ ಅಚ್ಚರಿ

ಇದಕ್ಕೂ ಹದಿನೇಳು ವರ್ಷ ಮೊದಲೇ ಭೌತವಿಜ್ಞಾನಿಗಳು ಕಂಪ್ಯೂಟರಿನ ಮುಂದೆ ಬೇರೊಂದು ಬಗೆಯ ಪ್ರಶ್ನೆ ಇಟ್ಟಿದ್ದರು. 1953ರ ಬೇಸಿಗೆ, ಅಮೆರಿಕದ ಲಾಸ್ ಅಲಮೋಸ್. ಎನ್ರಿಕೊ ಫರ್ಮಿ, ಜಾನ್ ಪಾಸ್ಟಾ, ಸ್ಟಾನಿಸ್ಲಾ ಉಲಾಮ್ ಮೂವರೂ ಮೇನಿಯಾಕ್ ಎಂಬ ಕಂಪ್ಯೂಟರಿಗೆ ಸರಳವಾದ ಒಂದು ಲೆಕ್ಕ ಕೊಡಲು ಯೋಚಿಸಿದರು. ಸ್ಪ್ರಿಂಗುಗಳಿಂದ ಕಟ್ಟಿದ ಮಣಿಸರದಂಥ ಒಂದು ತಂತಿ. ಸ್ಪ್ರಿಂಗು ಪೂರ್ತಿ ವಿಧೇಯವಲ್ಲ, ಎಳೆದಷ್ಟಕ್ಕೆ ಸರಿಯಾಗಿ ಪ್ರತಿ ಎಳೆಯದೆ ಸ್ವಲ್ಪ ಮೊಂಡಾಟ ಮಾಡುತ್ತದೆ. ಇಡೀ ತಂತಿಯನ್ನು ಒಂದೇ ಬಾಗಿನಲ್ಲಿ ಎಳೆದು ಬಿಟ್ಟರೆ ಆ ಶಕ್ತಿ ಕ್ರಮೇಣ ಎಲ್ಲ ಬಗೆಯ ಕಂಪನಗಳಿಗೂ ಹಂಚಿಹೋಗಿ, ಬಿಸಿನೀರಿನ ಶಾಖದಂತೆ ಸಮವಾಗಬೇಕು. ಎಲ್ಲರ ನಿರೀಕ್ಷೆಯೂ ಅದೇ ಆಗಿತ್ತು.

ಪ್ರೋಗ್ರಾಂ ಬರೆದು ಯಂತ್ರದಲ್ಲಿ ಓಡಿಸಿದವರು ಮೇರಿ ಸಿಂಗೂ ಎಂಬ ಯುವ ಗಣಿತಜ್ಞೆ. ಯಾವ ಕಂಪನದಲ್ಲಿ ಎಷ್ಟು ಶಕ್ತಿಯಿದೆ ಎಂದು ಗ್ರಾಫ್ ಎಳೆದಾಗ ಮೊದಲು ಶಕ್ತಿ ಹಂಚಿಹೋಗುತ್ತಿರುವಂತೆ ಕಂಡಿತು. ಆಮೇಲೆ ಗೆರೆಗಳು ತಿರುಗಿ ಬಂದವು. ಚದುರಿದ ಕುರಿಗಳೆಲ್ಲ ಸಂಜೆಗೆ ತಾವಾಗಿಯೇ ಹಟ್ಟಿ ಸೇರಿದ ಹಾಗೆ, ಶಕ್ತಿಯ ಬಹುಪಾಲು ಮೊದಲಿದ್ದ ಕಂಪನಕ್ಕೇ ಮರಳಿತ್ತು.

ಫರ್ಮಿ 1954ರ ನವೆಂಬರಿನಲ್ಲಿ ತೀರಿಕೊಂಡರು. ವರದಿ ಬಂದದ್ದು 1955ರಲ್ಲಿ. ಈ ಒಗಟನ್ನು ಬಿಡಿಸಲು ಹೊರಟ ನಾರ್ಮನ್ ಜಬುಸ್ಕಿ ಮತ್ತು ಮಾರ್ಟಿನ್ ಕ್ರುಸ್ಕಲ್‌ಗೆ 1965ರಲ್ಲಿ, ಮತ್ತೆ ಕಂಪ್ಯೂಟರಿನ ನೆರವಿನಿಂದಲೇ, ಸೊಲಿಟಾನ್ ಎಂಬ ಒಂಟಿ ಅಲೆಗಳ ಸುಳಿವು ಸಿಕ್ಕಿತು. ಸಿಂಗೂ ಹೆಸರು ಕೆಲಸ ಮಾಡಿದವರ ಸಾಲಿನಲ್ಲಿತ್ತೇ ಹೊರತು ವರದಿ ಬರೆದವರ ಸಾಲಿನಲ್ಲಿರಲಿಲ್ಲ. 2008ರಲ್ಲಿ ಥಿಯೆರಿ ದೋಸ್ವಾ ಎಂಬ ಭೌತವಿಜ್ಞಾನಿ ಫರ್ಮಿ-ಪಾಸ್ಟಾ-ಉಲಾಮ್ ಎಂಬ ಆ ಸಮಸ್ಯೆಯ ಹೆಸರಿಗೆ ಆಕೆಯದನ್ನೂ ಸೇರಿಸಬೇಕೆಂದು ಬರೆದ ಮೇಲೆ, ಅನೇಕರು ಹಾಗೆಯೇ ಕರೆಯತೊಡಗಿದ್ದಾರೆ.

1961ರ ಚಳಿಗಾಲದಲ್ಲಿ ಎಂಐಟಿಯ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್‌ಗೆ ಆದದ್ದು ಇನ್ನೊಂದು ಬಗೆಯ ಪಾಠ. ಹಿಂದೆ ಮಾಡಿದ್ದ ಲೆಕ್ಕವೊಂದನ್ನು ಇನ್ನಷ್ಟು ದೂರ ಒಯ್ದು ನೋಡಬೇಕಿತ್ತು. ಅಚ್ಚಾಗಿ ಬಂದಿದ್ದ ಹಾಳೆಯಿಂದ ನಡುವಿನ ಸಂಖ್ಯೆಗಳನ್ನು ಎತ್ತಿಕೊಂಡು ಯಂತ್ರಕ್ಕೆ ಉಣಿಸಿ ಕಾಫಿಗೆ ಹೋದರು. ಬಂದು ನೋಡಿದರೆ ಹೊಸ ಹವಾಮಾನಕ್ಕೂ ಹಳೆಯದಕ್ಕೂ ಸಂಬಂಧವೇ ಇಲ್ಲ. ಯಂತ್ರದ ನೆನಪಿನಲ್ಲಿದ್ದದ್ದು 0.506127. ಜಾಗ ಉಳಿಸಲು ಹಾಳೆಯಲ್ಲಿ ಅಚ್ಚಾಗಿದ್ದದ್ದು 0.506. ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಹವಾಮಾನವನ್ನೇ ಬೇರೆ ಮಾಡಿತ್ತು.

ಲೊರೆಂಜ್‌ಗೆ ಮೊದಲು ಬಂದ ಅನುಮಾನ ಯಂತ್ರ ಕೆಟ್ಟಿದೆಯೆಂದು. ಅಷ್ಟಕ್ಕೇ ಬಿಟ್ಟು ಮೆಕ್ಯಾನಿಕನನ್ನು ಕರೆಸಿದ್ದರೆ ಕತೆ ಮುಗಿಯುತ್ತಿತ್ತು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿದ್ದರಿಂದ ಗೆರೆಗಳು ಎಲ್ಲಿಂದ ಅಗಲಿದವೆಂದು ಗೊತ್ತಾಯಿತು. ಕೇಯಾಸ್ ಸಿದ್ಧಾಂತದ ಬುನಾದಿಯಾದ 1963ರ ಲೇಖನ ಹುಟ್ಟಿದ್ದು ಹೀಗೆ.

ಐವತ್ತು ಸಾವಿರ ಪದಗಳು

ಕಣ ಭೌತಶಾಸ್ತ್ರದಲ್ಲಿ ಕೈಲೆಕ್ಕದ ಪಾಡು ಇನ್ನೂ ಕಷ್ಟದ್ದಾಗಿತ್ತು. ಎಲೆಕ್ಟ್ರಾನ್ ಒಂದು ಪುಟ್ಟ ಆಯಸ್ಕಾಂತದಂತೆ ವರ್ತಿಸುತ್ತದೆ. ಅದರ ಬಲವನ್ನು ಸಿದ್ಧಾಂತದಿಂದ ಹಂತಹಂತವಾಗಿ ಲೆಕ್ಕ ಹಾಕಬಹುದು. ಎರಡನೆಯ ಹಂತದ ತಿದ್ದುಪಡಿಯನ್ನು 1950ರಲ್ಲಿ ರಾಬರ್ಟ್ ಕಾರ್ಪ್ಲಸ್ ಮತ್ತು ನಾರ್ಮನ್ ಕ್ರೋಲ್ ಬಹಳ ಶ್ರಮಪಟ್ಟು ಕಂಡುಹಿಡಿದರು. ಅವರಿಗೆ ಸಿಕ್ಕ ಗುಣಾಂಕ -2.973. ಏಳು ವರ್ಷ ಎಲ್ಲರೂ ನಂಬಿದರು. 1957ರಲ್ಲಿ ಆಂದ್ರೆ ಪೀಟರ್‌ಮನ್ ಮತ್ತು ಚಾರ್ಲ್ಸ್ ಸಾಮರ್‌ಫೀಲ್ಡ್ ಬೇರೆಬೇರೆಯಾಗಿ ಮತ್ತೆ ಲೆಕ್ಕ ಮಾಡಿದಾಗ ಅದು -0.328 ಎಂದಾಯಿತು.

ಈ ಬವಣೆಗೆ ಯಂತ್ರದ ಪರಿಹಾರ ಹುಡುಕಿದವರಲ್ಲಿ ಮೊದಲಿಗರು ಡಚ್ ಭೌತವಿಜ್ಞಾನಿ ಮಾರ್ಟಿನಸ್ ವೆಲ್ಟ್‌ಮನ್. 1963ರ ಕೊನೆಯಲ್ಲಿ ಅವರು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವೇಗವರ್ಧಕ ಕೇಂದ್ರದಲ್ಲಿದ್ದರು. ವಿದ್ಯುದಾವೇಶವಿರುವ ಒಂದು ಕಣ ಬೆಳಕಿನೊಡನೆ ಹೇಗೆ ವ್ಯವಹರಿಸುತ್ತದೆ ಎಂಬ ಲೆಕ್ಕ ಕೈಗೆತ್ತಿಕೊಂಡಾಗ ನಡುವಿನ ಹಂತದಲ್ಲಿ ಸುಮಾರು 50,000 ಪದಗಳು ಎದ್ದು ನಿಂತವು. ಒಂದು ಪದದ ಚಿಹ್ನೆ ತಪ್ಪಿದರೂ ಎಲ್ಲ ಮಣ್ಣುಪಾಲು. ಐಬಿಎಂ 7094 ಯಂತ್ರಕ್ಕಾಗಿ ಅವರು ಒಂದು ಪ್ರೋಗ್ರಾಂ ಬರೆದು ಸ್ಖೋನ್‌ಸ್ಖಿಪ್ ಎಂದು ಹೆಸರಿಟ್ಟರು. ಡಚ್ ನಾವಿಕರ ಮಾತಿನಲ್ಲಿ ಅದಕ್ಕೆ ಹಡಗು ಚೊಕ್ಕಟ ಮಾಡುವುದೆಂಬ ಅರ್ಥ. ಕಸದಂತೆ ಬಿದ್ದಿರುವ ಪದಗಳಲ್ಲಿ ಸಮನಾದವನ್ನು ಕೂಡಿಸಿ, ವಿರುದ್ಧವಾದವನ್ನು ಹೊಡೆದುಹಾಕಿ, ಉಳಿದದ್ದನ್ನು ಒಪ್ಪವಾಗಿ ಜೋಡಿಸುವುದು ಅದರ ಕೆಲಸವಾದ್ದರಿಂದ ಹೆಸರು ಒಪ್ಪುವಂಥದೇ. ಡಚ್ ಬಾರದವರ ನಾಲಗೆಗೆ ಅದು ಹೊರಳುವುದಿಲ್ಲವೆಂಬುದೂ ವೆಲ್ಟ್‌ಮನ್‌ಗೆ ಖುಷಿಯ ವಿಷಯವಾಗಿತ್ತು.

1971ರಲ್ಲಿ ಅವರ ಶಿಷ್ಯ ಜೆರಾರ್ಡ್ ಟಿ ಹೂಫ್ಟ್, ದುರ್ಬಲ ಬಲದ ಸಿದ್ಧಾಂತದಲ್ಲಿ ಕಾಡುತ್ತಿದ್ದ ಅನಂತಗಳೆಲ್ಲ ಒಂದನ್ನೊಂದು ಹೊಡೆದುಹಾಕುತ್ತವೆ ಎಂಬ ವಾದದೊಂದಿಗೆ ಬಂದಾಗ ಗುರು ಬಾಯಿಮಾತಿಗೆ ಒಪ್ಪಲಿಲ್ಲ. ತಮ್ಮ ಪ್ರೋಗ್ರಾಂನಲ್ಲಿ ಓಡಿಸಿ ನೋಡಿದರು. ಅನಂತಗಳು ಅಳಿದಿದ್ದವು. 1999ರ ನೊಬೆಲ್ ಗುರುಶಿಷ್ಯರಿಬ್ಬರಿಗೂ ಬಂತು.

ಕೃಷ್ಣರಂಧ್ರದ ಗಂಟೆ

1970ರ ಆಸುಪಾಸಿನಲ್ಲಿ ಅಮೆರಿಕದಲ್ಲಿದ್ದ ಬೆಂಗಳೂರಿನ ತರುಣನೊಬ್ಬ ಕಂಪ್ಯೂಟರಿನ ಮುಂದೆ ವಿಚಿತ್ರ ಪ್ರಯೋಗಕ್ಕೆ ಕುಳಿತಿದ್ದ. ಕನ್ನಡದ ವಿದ್ವಾಂಸ ಸಿ.ಕೆ. ವೆಂಕಟರಾಮಯ್ಯನವರ ಮಗ, ಸಿ.ವಿ. ವಿಶ್ವೇಶ್ವರ. ಕೃಷ್ಣರಂಧ್ರ ಎಂಬ ಹೆಸರೇ ಆಗಿನ್ನೂ ಹೊಸದು. ಕಣ್ಣಿಗೆ ಕಾಣದ ಅಂಥ ವಸ್ತು ನಿಜಕ್ಕೂ ಇದ್ದರೆ ತಿಳಿಯುವುದು ಹೇಗೆ? ಕತ್ತಲ ಕೋಣೆಯಲ್ಲಿ ಏನಿದೆಯೆಂದು ತಿಳಿಯಲು ಕಲ್ಲೆಸೆದು ಸದ್ದು ಕೇಳುವ ಹಾಗೆ, ಅವರು ಸಮೀಕರಣಗಳ ಒಳಗಿನ ಕೃಷ್ಣರಂಧ್ರಕ್ಕೆ ಗುರುತ್ವದ ಅಲೆಗಳನ್ನು ಎಸೆದು ಏನು ಮರಳುತ್ತದೆಂದು ಲೆಕ್ಕ ಹಾಕಿದರು.

ಎಸೆದ ಅಲೆ ತೀರ ಅಗಲವಾಗಿದ್ದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಬಂದು, ಅದರ ಅಗಲ ಕೃಷ್ಣರಂಧ್ರದ ಗಾತ್ರಕ್ಕೆ ಹೋಲುವಷ್ಟಾದಾಗ ಗ್ರಾಫಿನಲ್ಲಿ ಹೊಸ ಗೆರೆ ಮೂಡಿತು. ಕ್ರಮವಾಗಿ ಏರಿಳಿಯುತ್ತ, ಕ್ರಮವಾಗಿ ಕುಗ್ಗುತ್ತ ಹೋಗುವ ಅಲೆ. ದೇವಸ್ಥಾನದ ಗಂಟೆ ಬಾರಿಸಿ ಕೈಬಿಟ್ಟ ಮೇಲೆ ನಾದ ಕರಗುವ ರೀತಿ. ಬಾರಿಸಿದ್ದು ಯಾರು, ಹೇಗೆ ಎಂಬುದು ಗೌಣ, ನಾದ ಮಾತ್ರ ಗಂಟೆಯದೇ. ಕೃಷ್ಣರಂಧ್ರಕ್ಕೆ ತನ್ನದೇ ಆದ ನಾದವಿದೆಯೆಂದು ಹೇಳುವ ಆ ಲೇಖನ 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ದೆಲೋನೆಯ ತಪ್ಪು ಸಿಕ್ಕಿದ್ದೂ ಅದೇ ವರ್ಷ.

ವಿಶ್ವೇಶ್ವರ ಆಮೇಲೆ ಬೆಂಗಳೂರಿಗೆ ಮರಳಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು, ನೆಹರೂ ತಾರಾಲಯ ಕಟ್ಟಿದರು. ಅವರ ಗ್ರಾಫಿಗೆ ಆಕಾಶದಿಂದ ತಾಳೆ ಸಿಗಲು 45 ವರ್ಷ ಕಾಯಬೇಕಾಯಿತು.

ಮೇಜಿನ ಮೇಲೆ ಬಂದ ಗಣಿತ

1970ರ ಹೊತ್ತಿಗೆ ಇವೆಲ್ಲ ಇನ್ನೂ ದೊಡ್ಡ ಯಂತ್ರಗಳ ಹತ್ತಿರ ಸುಳಿಯಬಲ್ಲ ಕೆಲವರ ಸೊತ್ತು. 1968ರಲ್ಲಿ ಎಂಐಟಿಯಲ್ಲಿ ಶುರುವಾದ ಮ್ಯಾಕ್‌ಸಿಮಾ ಸಮಾಕಲನ, ಅವಕಲನ, ಸಮೀಕರಣ ಬಿಡಿಸುವುದು ಎಲ್ಲವನ್ನೂ ಅಕ್ಷರಗಳಲ್ಲೇ ಮಾಡುತ್ತಿತ್ತು, ಆದರೆ ಅದಕ್ಕೆ ಕೋಣೆಯಷ್ಟು ದೊಡ್ಡ ಕಂಪ್ಯೂಟರು ಬೇಕಿತ್ತು. ಸಣ್ಣ ಯಂತ್ರಗಳಲ್ಲೂ ಓಡುವಂಥದ್ದು ಬೇಕೆಂದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಮೇಪಲ್ ಹುಟ್ಟಿತು.

ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಕ್ಲೀವ್ ಮೋಲರ್‌ಗೆ ಇದ್ದ ಚಿಂತೆ ಮೇಷ್ಟರದು. ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಫೋರ್ಟ್ರಾನ್ ಭಾಷೆಯಲ್ಲಿ ಒಳ್ಳೆಯ ಪ್ರೋಗ್ರಾಂಗಳಿದ್ದವು, ಆದರೆ ಫೋರ್ಟ್ರಾನ್ ಬರೆಯುವುದರಲ್ಲೇ ವಿದ್ಯಾರ್ಥಿಗಳು ಹೈರಾಣಾಗುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಅವರು ಬರೆದ ಮ್ಯಾಟ್‌ಲ್ಯಾಬ್‌ಗೆ ಗೊತ್ತಿದ್ದದ್ದು ಮ್ಯಾಟ್ರಿಕ್ಸ್ ಒಂದೇ. ಗ್ರಾಫ್ ಬಿಡಿಸು ಎಂದರೆ ನಕ್ಷತ್ರ ಚಿಹ್ನೆಗಳನ್ನು ಚುಕ್ಕಿ ರಂಗೋಲಿಯಂತೆ ಇಟ್ಟು ತೋರಿಸುತ್ತಿತ್ತು. 1984ರಲ್ಲಿ ಜ್ಯಾಕ್ ಲಿಟಲ್ ಜೊತೆ ಸೇರಿ ಕಂಪನಿ ಕಟ್ಟಿದ ಮೇಲೆ ಅದು ಎಂಜಿನಿಯರುಗಳ ನಿತ್ಯದ ಹತಾರವಾಯಿತು. 1986ರಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಸಮೀಕರಣಗಳನ್ನು ಕಣ್ಣಾರೆ ನೋಡುವ ಆಸೆಯಿಂದ ಬರೆದ ನ್ಯೂಪ್ಲಾಟ್, ಬಿಟ್ಟಿಯಾಗಿ ಸಿಗುವ ಗ್ರಾಫ್ ತಂತ್ರಾಂಶವಾಗಿ ಇಂದಿಗೂ ಉಳಿದಿದೆ.

1988ರ ಜೂನ್ 23ರಂದು ಸ್ಟೀಫನ್ ವುಲ್ಫ್ರಮ್ ಮ್ಯಾಥಮ್ಯಾಟಿಕಾ ಬಿಡುಗಡೆ ಮಾಡಿದರು. ಹದಿಹರೆಯದಲ್ಲೇ ಕಣ ಭೌತಶಾಸ್ತ್ರದ ಲೇಖನ ಬರೆದಿದ್ದ ಅವರು ಈ ಬಗೆಯ ಹಳೆಯ ತಂತ್ರಾಂಶಗಳಲ್ಲೇ ಪಳಗಿದವರು. ಅವರ ಜೊತೆಗಾರ ಥಿಯೊಡೋರ್ ಗ್ರೇ ರೂಪಿಸಿದ ನೋಟ್‌ಬುಕ್ ಎಂಬ ಪರದೆಯಲ್ಲಿ ವಿವರಣೆ, ಲೆಕ್ಕ, ಗ್ರಾಫ್ ಮೂರೂ ಒಂದರ ಕೆಳಗೊಂದು ಕೂತವು. ಲೆಕ್ಕದ ಪುಸ್ತಕ ಕಂಪ್ಯೂಟರಿನೊಳಗೆ ಬಂದಂತಾಯಿತು. ಆದರೆ ಉತ್ತರ ಕೊಡುವ ಯಂತ್ರದ ಒಳಗೇನು ನಡೆಯುತ್ತದೆ ಎಂಬುದು ಕೊಂಡವರಿಗೆ ಕಾಣುತ್ತಿರಲಿಲ್ಲ. ತಾಳೆ ನೋಡುವವರಿಗೆ ಇದು ಸಣ್ಣ ಅಡಚಣೆಯಲ್ಲ.

ಒಂದು ಋಣಚಿಹ್ನೆ

2001ರ ಫೆಬ್ರುವರಿಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಸುದ್ದಿ ಭೌತಜಗತ್ತನ್ನು ಕದಡಿತು. ಮ್ಯುಆನ್ ಎಂಬ ಕಣದ ಆಯಸ್ಕಾಂತ ಬಲ ಅಳೆದದ್ದಕ್ಕೂ ಸಿದ್ಧಾಂತ ಹೇಳುವುದಕ್ಕೂ 2.6 ಸಿಗ್ಮಾದಷ್ಟು, ಅಂದರೆ ಅಂದಾಜು ದೋಷದ 2.6 ಪಟ್ಟು, ಅಂತರವಿತ್ತು. ಹೊಸ ಕಣಗಳ ಸುಳಿವಿರಬಹುದೆಂದು ಲೇಖನಗಳ ಮಳೆಯೇ ಸುರಿಯಿತು.

ಸಿದ್ಧಾಂತದ ಲೆಕ್ಕದಲ್ಲಿ ಒಂದು ಪುಟ್ಟ ಪಾಲನ್ನು ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದಿದ್ದವು. ಎರಡೂ ಋಣ ಎಂದಿದ್ದವು. ಲೆಕ್ಕ ತಾಳೆಯಾಗಿತ್ತು, ಇನ್ನೇನು ಬೇಕು? ಅದೇ ವರ್ಷದ ನವೆಂಬರಿನಲ್ಲಿ ಮಾರ್ಸೇಯ ಮಾರ್ಕ್ ಕ್ನೆಕ್ಟ್ ಮತ್ತು ಆಂಡ್ರಿಯಾಸ್ ನಿಫೆಲರ್ ಬೇರೆ ದಾರಿ ಹಿಡಿದು ಅದು ಧನ ಎಂದು ತೋರಿಸಿದರು. ಒಂದು ತಂಡದ ಮಸಾಶಿ ಹಯಕಾವ ಮತ್ತು ತೊಯಿಚಿರೊ ಕಿನೊಶಿತಾ ಹಳೆಯ ಲೆಕ್ಕ ಬಿಚ್ಚಿ ಕುಳಿತರು. ಅವರು ಬಳಸಿದ್ದು ಸ್ಖೋನ್‌ಸ್ಖಿಪ್‌ನ ದಾರಿಯಲ್ಲೇ ಬಂದ, ಯೋಸ್ ವರ್ಮಾಸರೆನ್ ಬರೆದ ಫಾರ್ಮ್ ಎಂಬ ತಂತ್ರಾಂಶ. ಒಂದು ಬಗೆಯ ಎರಡು ರಾಶಿಗಳನ್ನು ಗುಣಿಸಿದಾಗ ಸಾಪೇಕ್ಷತಾ ಸಿದ್ಧಾಂತದ ಕಾಲ-ದೇಶದಲ್ಲಿ ಒಂದು ಋಣಚಿಹ್ನೆ ಸೇರಿಕೊಳ್ಳುತ್ತದೆ. ಆ ತಂತ್ರಾಂಶ ಸಾಮಾನ್ಯ ಜ್ಯಾಮಿತಿಯ ಪದ್ಧತಿ ಅನುಸರಿಸುತ್ತಿದ್ದರಿಂದ ಆ ಚಿಹ್ನೆ ಹಾಕುತ್ತಿರಲಿಲ್ಲ. ಅದು ತನ್ನ ನಿಯಮಕ್ಕೆ ತಪ್ಪಿರಲಿಲ್ಲ. ಅದೂ ತಮ್ಮ ಪದ್ಧತಿಯನ್ನೇ ಹಿಡಿದಿದೆಯೆಂದು ಬಳಸಿದವರು ಎಣಿಸಿದ್ದರು, ಅಷ್ಟೇ. ಇಬ್ಬರೂ ಮುಜುಗರಪಡದೆ ತಪ್ಪನ್ನು ಅಚ್ಚಿನಲ್ಲೇ ಒಪ್ಪಿಕೊಂಡರು. ಇನ್ನೊಂದು ತಂಡವೂ ತನ್ನ ಚಿಹ್ನೆಯನ್ನು ತಿದ್ದಿಕೊಂಡಿತು. ಅಂತರ 1.6 ಸಿಗ್ಮಾಕ್ಕೆ ಇಳಿಯಿತು.

ಕಿನೊಶಿತಾ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಎಲೆಕ್ಟ್ರಾನಿನ ಲೆಕ್ಕದ ಪ್ರೋಗ್ರಾಂಗಳನ್ನು ತಾವು ಬರೆಯುವ ಬದಲು, ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಒಂದನ್ನು ಅವರ ತಂಡ ಕಟ್ಟಿತು. 2007ರಲ್ಲಿ ಅದನ್ನು ಹಳೆಯ ಉತ್ತರದ ಜೊತೆ ಹೋಲಿಸಿದಾಗ ಅವರದೇ ಇನ್ನೊಂದು ತಪ್ಪು ಹೊರಬಿತ್ತು. ಯಂತ್ರಕ್ಕೆ ಯಂತ್ರವೇ ತಾಳೆ ನೋಡಿತ್ತು.

ಬಿಚ್ಚಿಟ್ಟ ಪುಸ್ತಕ

ಒಳಗಿನದನ್ನು ಕಾಣುವಂತೆ ಇಡಬೇಕೆಂಬ ಹಂಬಲ ಆ ಹೊತ್ತಿಗೆ ಹಲವರಲ್ಲಿ ಕುದಿಯುತ್ತಿತ್ತು. ಟೆಕ್ಸಾಸಿನ ವಿಲಿಯಂ ಶೆಲ್ಟರ್ 1982ರಿಂದ ಒಬ್ಬರೇ ಪೋಷಿಸಿಕೊಂಡು ಬಂದಿದ್ದ ಮ್ಯಾಕ್‌ಸಿಮಾದ ಒಂದು ಪ್ರತಿಯನ್ನು 1998ರಲ್ಲಿ ಅನುಮತಿ ಪಡೆದು ಎಲ್ಲರಿಗೂ ಮುಕ್ತಗೊಳಿಸಿದರು. ಇಂದಿನ ಮ್ಯಾಕ್ಸಿಮಾ ಅದೇ. ಕೊಲೊರಾಡೊದಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಫರ್ನಾಂಡೊ ಪೆರೆಜ್ 2001ರಲ್ಲಿ, ಪ್ರಬಂಧ ಬರೆಯಬೇಕಾದ ಹೊತ್ತಿನಲ್ಲಿ, ಪೈಥಾನ್ ಭಾಷೆಗೆ ಐಪೈಥಾನ್ ಎಂಬ ಪುಟ್ಟ ಜೋಡಣೆ ಬರೆದರು. ಮೂರ್ಛೆರೋಗಿಗಳ ಮಿದುಳಿನ ಅಲೆಗಳನ್ನು ಗ್ರಾಫಿನಲ್ಲಿ ನೋಡಬೇಕಿದ್ದ ಜಾನ್ ಹಂಟರ್ 2003ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಬಿಡುಗಡೆ ಮಾಡಿದರು. ಮೂರು ಆಯಾಮದ ಚಿತ್ರಗಳಿಗೆ ಮಯವಿ ಬರೆದದ್ದು ನಮ್ಮವರೇ ಆದ ಪ್ರಭು ರಾಮಚಂದ್ರನ್. ಐಪೈಥಾನಿನ ನೋಟ್‌ಬುಕ್ 2014ರಲ್ಲಿ ಜುಪೈಟರ್ ಎಂಬ ಹೆಸರು ಪಡೆಯಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರುಗಳು ಅದರಲ್ಲಿ ಅಡಗಿವೆ. ಇಂಗ್ಲಿಷಿನ ಜುಪಿಟರ್, ಅಂದರೆ ಗುರುಗ್ರಹದ ಸುತ್ತಲಿನ ಚಂದ್ರರನ್ನು 1610ರಲ್ಲಿ ರಾತ್ರಿ ರಾತ್ರಿಯೂ ಚಿತ್ರಿಸಿ, ವಿವರಗಳ ಸಮೇತ ಅಚ್ಚು ಹಾಕಿಸಿದ ಗೆಲಿಲಿಯೊನ ನೆನಪೂ ಅದರಲ್ಲಿದೆ. ಆ ಪುಸ್ತಕದಲ್ಲಿ ಗುರು ಒಂದು ವೃತ್ತ, ಚಂದ್ರರು ನಕ್ಷತ್ರ ಚಿಹ್ನೆಗಳು. ಮೋಲರ್‌ನ ಮೊದಲ ಗ್ರಾಫಿನಂತೆಯೇ.

2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೊ ಉಪಕರಣಗಳು ಎರಡು ಕೃಷ್ಣರಂಧ್ರಗಳು ಸೇರಿ ಒಂದಾದ ಕಂಪನವನ್ನು ಹಿಡಿದವು. ಅಂಥ ಅಲೆಯ ಆರಂಭದ ಆಕಾರವನ್ನು ಲೆಕ್ಕ ಹಾಕಿದವರಲ್ಲಿ ರಾಮನ್ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಒಬ್ಬರು. 1995ರಲ್ಲಿ ಅವರೂ ಲುಕ್ ಬ್ಲಾಂಶೆ, ತಿಬೊ ದಾಮೂರ್ ಸೇರಿ ಒಂದು ದಾರಿಯಲ್ಲಿ, ಕ್ಲಿಫರ್ಡ್ ವಿಲ್ ಮತ್ತು ಆಲನ್ ವೈಸ್‌ಮನ್ ಇನ್ನೊಂದು ದಾರಿಯಲ್ಲಿ ನಡೆದು ಒಂದೇ ಉತ್ತರಕ್ಕೆ ಬಂದಿದ್ದರು. ಅಲೆಯ ಕೊನೆಯಲ್ಲಿದ್ದದ್ದು ಕರಗುವ ಗಂಟೆಯ ನಾದ, 1970ರ ಗ್ರಾಫಿನದು. ಪ್ರಕಟಣೆ ಬಂದದ್ದು 2016ರ ಫೆಬ್ರುವರಿ 11ರಂದು. ವಿಶ್ವೇಶ್ವರ ಆ ದಿನವನ್ನು ಕಂಡರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ಲೈಗೊ ತಂಡ ಲೇಖನದ ಜೊತೆಗೆ ದತ್ತಾಂಶವನ್ನೂ, ಅದನ್ನು ಸೋಸಿ ಗ್ರಾಫ್ ಬಿಡಿಸುವ ನೋಟ್‌ಬುಕ್ಕನ್ನೂ ಎಲ್ಲರ ಮುಂದಿಟ್ಟಿತು. ಧಾರವಾಡದ ಕಾಲೇಜು ಹುಡುಗಿಯೂ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಸಾಲುಸಾಲಾಗಿ ಓಡಿಸಿ, ಬೇಕಾದಲ್ಲಿ ಬದಲಿಸಿ, ಗೆರೆ ನಿಜವಾಗಿಯೂ ಮೇಲೇಳುತ್ತದೆಯೇ ಎಂದು ನೋಡಬಹುದು.

ಇದನ್ನು ಹೊಸತೆನ್ನುವ ಮುಂಚೆ ದೆಲೋನೆಯ ಪುಸ್ತಕವನ್ನು ನೆನೆಯಬೇಕು. ಉತ್ತರವನ್ನಷ್ಟೇ ಹೇಳುವುದಾಗಿದ್ದರೆ ಅವನಿಗೆ ಎರಡು ಸಂಪುಟ ಬೇಕಿರಲಿಲ್ಲ. ತಾನು ಬಿಡಿಸಿದ ಒಂದೊಂದು ಹಂತವನ್ನೂ ಪುಟಗಟ್ಟಲೆ ಅಚ್ಚು ಹಾಕಿಸಿದ್ದ. ನೂರು ವರ್ಷದ ಮೇಲೆ ಯಂತ್ರ ಬಂದಾಗ ತಪ್ಪು ಯಾವ ಹೆಜ್ಜೆಯಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಲು ಆದದ್ದು ಅದರಿಂದ.